ರೈಲಿಲ್ಲದ ನಾಡಿನ ನೆರೆಯ ನಿಲ್ದಾಣ

ಕೊಡಗಿನ ಮಕ್ಕಳು ರೈಲನ್ನು ಕಾಣಬೇಕಾದರೆ ಜಿಲ್ಲೆಯ ಗಡಿಯನ್ನು ದಾಟಲೇಬೇಕು. ಕಾವೇರಿಗೆ ತವರಾದ ಈ ನಾಡಿನಲ್ಲಿ ಇಂದಿಗೂ ಒಂದು ಗಜ ಉದ್ದದ ಹಳಿಯಿಲ್ಲ. ಹಾರಂಗಿಯ ಜಲಾಶಯವನ್ನು ನೋಡಬಯಸುವ ಪ್ರವಾಸಿಯು ಮೈಸೂರಿನಲ್ಲಿಯೋ ಹಾಸನದಲ್ಲಿಯೋ ರೈಲಿನಿಂದಿಳಿದು, ಬಸ್ಸು ಹತ್ತಿ ಕುಶಾಲನಗರವನ್ನು ಸೇರಿ, ಅಲ್ಲಿಂದ ಹುದುಗೂರಿನ ದಾರಿ ಹಿಡಿಯಬೇಕು. 1982ರಲ್ಲಿ ಮುಗಿದ ಅಣೆಕಟ್ಟು ಅಲ್ಲಿ 846 ಮೀಟರ್ ಉದ್ದಕ್ಕೆ ಹೊಳೆಗೆ ಅಡ್ಡಲಾಗಿ ಮಲಗಿದೆ. ಸಂಜೆಯ ಹೊತ್ತಿನಲ್ಲಿ ಅದರ ಬಳಿ ನಿಂತವನಿಗೆ ನೀರಿನ ಸದ್ದು ಕೇಳಿಸೀತು, ಹಕ್ಕಿಯ ದನಿ ಕೇಳಿಸೀತು. ರೈಲಿನ ಸಿಳ್ಳು ಮಾತ್ರ ಕೇಳಿಸದು.

ಆದರೆ ಈ ಹೊಳೆಯ ತವರನ್ನು ಅರಸಿ ಹೊರಟರೆ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಹಾರಂಗಿ ಹುಟ್ಟುವುದು ಪುಷ್ಪಗಿರಿಯ ಮಲೆಯಲ್ಲಿ. ಆ ಮಲೆಯ ಪೂರ್ವದ ಮಳೆ ಹಾರಂಗಿಯಾಗಿ ಹರಿದು, ಕೂಡಿಗೆಯ ಬಳಿ ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಪಶ್ಚಿಮದ ಮಳೆಯಾದರೋ ಕುಮಾರಧಾರೆಯಾಗಿ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರದ ಪಾಲಾಗುತ್ತದೆ. ಇದೇ ಮಲೆಸಾಲಿನ ಉತ್ತರಕ್ಕೆ, ಕೊಡಗಿನ ಗಡಿಯಾಚೆ, ಹಾಸನ ಜಿಲ್ಲೆಯ ದಟ್ಟಡವಿಯ ನಡುವೆ ಒಂದು ರೈಲು ನಿಲ್ದಾಣವಿದೆ. ಅದರ ಹೆಸರು ಎಡಕುಮೇರಿ. ರೈಲಿಲ್ಲದ ನಾಡಿಗೆ ಹೀಗೊಂದು ನೆರೆಯ ನಿಲ್ದಾಣ!

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿಯೇ. ಆದರೆ ಅದು ಮಲಬಾರಿನ ಕಡೆಯಿಂದ ಬಂದ ರೈಲು. ಬೆಂಗಳೂರಿನವರು ರೈಲಿನಲ್ಲಿಯೇ ಮಂಗಳೂರನ್ನು ಮುಟ್ಟಬೇಕಾದರೆ ಕೇರಳವನ್ನು ಬಳಸಿಕೊಂಡು ಹೋಗಬೇಕಾಗಿತ್ತು. ಕರಾವಳಿಯನ್ನು ಒಳನಾಡಿನೊಡನೆ ನೇರವಾಗಿ ಬೆಸೆಯಬೇಕೆಂಬ ಹಂಬಲ ಹಳೆಯದು. 1975ರಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲಂತೂ ಅದು ಅನಿವಾರ್ಯವೇ ಆಯಿತು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ತಿಯಾಗಿ ತೆರೆಯಿತು. ಬ್ರಾಡ್ ಗೇಜ್‌ಗೆ ಪರಿವರ್ತಿಸಲೆಂದು 1996ರಲ್ಲಿ ಘಟ್ಟದ ಮಾರ್ಗವನ್ನು ಮುಚ್ಚಿದರು. ಮತ್ತೆ ಸರಕುಗಾಡಿ ಓಡಿದ್ದು 2006ರಲ್ಲಿ. ಪ್ರಯಾಣಿಕರ ಗಾಡಿ ಬಂದದ್ದು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಗಳಿಗೂ ಮೀರಿದ ಕಾಲ ಈ ಮಾರ್ಗದ ನಿಲ್ದಾಣಗಳು ಪ್ರಯಾಣಿಕರ ಮುಖವನ್ನೇ ಕಾಣಲಿಲ್ಲ.

ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಘಟ್ಟದ ಬುಡದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹಳಿಯ ದಾರಿ ಕೇವಲ 55 ಕಿಲೋಮೀಟರ್. ಅಷ್ಟರೊಳಗೆ 57 ಸುರಂಗಗಳು, 109 ಸೇತುವೆಗಳು! ಐವತ್ತು ಅಡಿ ಸಾಗಿದರೆ ಒಂದಡಿ ಇಳಿಯುವಷ್ಟು ಕಡಿದಾದ ಇಳಿಜಾರು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು – ಇವು ನಡುವಿನ ನಾಲ್ಕು ನಿಲ್ದಾಣಗಳು.

ಸಾಮಾನ್ಯವಾಗಿ ಊರಿದ್ದಲ್ಲಿ ನಿಲ್ದಾಣ ಕಟ್ಟುತ್ತಾರೆ. ಎಡಕುಮೇರಿಯಲ್ಲಿ ಹಾಗಲ್ಲ. ಇಲ್ಲಿ ಪೇಟೆಯಿಲ್ಲ, ಜಟಕಾ ಆಟೋಗಳ ಗದ್ದಲವಿಲ್ಲ, ಸಂತೆಯ ಮೂಟೆಗಳಿಲ್ಲ. ಗುಡ್ಡವನ್ನು ಕಡಿದು ಮಾಡಿದ ಕಿರಿದಾದ ಜಗುಲಿಯಂತಹ ಸಮತಟ್ಟು. ಅದರ ಮೇಲೆ ಒಂದು ಪುಟ್ಟ ಕಟ್ಟಡ, ಪ್ಲಾಟ್‌ಫಾರಂ, ಹೆಸರಿನ ಹಳದಿ ಫಲಕ. ಸುತ್ತಲೂ ಮರಗಳ ಗೋಡೆ. ಹಾಗಾದರೆ ಈ ನಿಲ್ದಾಣ ಯಾರಿಗಾಗಿ?

ರೈಲಿಗಾಗಿಯೇ ಎಂದು ಹೇಳಬೇಕು. ಘಟ್ಟದಲ್ಲಿರುವುದು ಒಂಟಿ ಹಳಿ. ಏರುವ ಗಾಡಿಯೂ ಇಳಿಯುವ ಗಾಡಿಯೂ ಒಂದನ್ನೊಂದು ದಾಟಲು ಎಲ್ಲಿಯಾದರೂ ಹಳಿ ಕವಲೊಡೆಯಬೇಕು. ಒಂದು ಗಾಡಿ ಪಕ್ಕದ ಹಳಿಯಲ್ಲಿ ತಾಳ್ಮೆಯಿಂದ ಕಾದರೆ ಮಾತ್ರ ಇನ್ನೊಂದಕ್ಕೆ ದಾರಿ. ಇಂತಹ ಇಳಿಜಾರಿನ ನಿಲ್ದಾಣಗಳಿಗೆ ಇನ್ನೊಂದು ಏರ್ಪಾಡೂ ಬೇಕು. ಮುಖ್ಯ ಹಳಿಯಿಂದ ಬೇರೆಯಾಗಿ, ಏರುಮುಖವಾಗಿ ಹೋಗಿ ಅಲ್ಲಿಯೇ ಕೊನೆಗೊಳ್ಳುವ ಕುರುಡು ಹಳಿ ಅದು. ಬ್ರೇಕು ಹಿಡಿಯದೆ ಕೈಮೀರಿ ಬರುವ ಗಾಡಿಯನ್ನು ಅತ್ತ ಹೊರಳಿಸಿದರೆ, ಅದು ಏರನ್ನು ಹತ್ತಲಾರದೆ ತಾನಾಗಿ ನಿಲ್ಲುತ್ತದೆ. ಘಟ್ಟ ಹತ್ತುವ ಭಾರದ ಗಾಡಿಗಳನ್ನು ಹಿಂದಿನಿಂದ ತಳ್ಳಲು ಹೆಚ್ಚಿನ ಎಂಜಿನ್ನುಗಳೂ ಬೇಕು. ಕಿಟಕಿಯ ಬಳಿ ಕುಳಿತು ಜಲಪಾತವನ್ನು ಮಕ್ಕಳಿಗೆ ತೋರಿಸುವ ತಂದೆತಾಯಿಗಳ ನೆಮ್ಮದಿಯೆಲ್ಲ ಇಂತಹ ಕಾಣದ ಏರ್ಪಾಡುಗಳ ಮೇಲೆ ನಿಂತಿದೆ.

ಮಳೆಗಾಲದಲ್ಲಿ ಈ ನೆಮ್ಮದಿಗೆ ನಿಜವಾದ ಪರೀಕ್ಷೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಮನೆಮಠಗಳ ಮೇಲೆ ಕುಸಿದ ದಿನಗಳಲ್ಲಿಯೇ, ಇತ್ತ ರೈಲು ಹಳಿಯ ಮೇಲೂ ಹಲವೆಡೆ ಮಣ್ಣು ಜರಿಯಿತು. ವಾರಗಟ್ಟಲೆ ಗಾಡಿಗಳು ನಿಂತವು. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿಗಳ ನಡುವೆ ಮತ್ತೆ ಭೂಮಿ ಕುಸಿದಾಗ, ನೂರಾರು ಕೆಲಸಗಾರರು ಸುರಿಯುವ ಮಳೆಯಲ್ಲಿ ದುಡಿದು ಆಗಸ್ಟಿನಲ್ಲಿ ದಾರಿಯನ್ನು ಮತ್ತೆ ತೆರೆದರು. ಗಡಿಯ ಗೆರೆಯನ್ನು ಎಳೆದವರು ನಾವು. ಮಳೆಗೆ ಆ ಗೆರೆಯ ಅರಿವಿಲ್ಲ.

ಒಂದು ಎಚ್ಚರಿಕೆ: ಹಿಂದೆ ಚಾರಣಿಗರು ಹಳಿಗುಂಟ ನಡೆದು ಎಡಕುಮೇರಿಗೆ ಬರುತ್ತಿದ್ದುದುಂಟು. ಅದು ಕಾನೂನಿಗೆ ವಿರುದ್ಧ, ಪ್ರಾಣಕ್ಕೂ ಅಪಾಯ. ಸುರಂಗದೊಳಗೆ ಎದುರಿಗೆ ಗಾಡಿ ಬಂದರೆ ಓಡುವುದೆಲ್ಲಿಗೆ? 2021ರಲ್ಲಿ ಈ ಮಾರ್ಗಕ್ಕೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳು ಬಂದವು. ಅಡವಿಯನ್ನು ಸವಿಯಲು ಗಾಡಿಯೊಳಗಿನ ಆಸನವೇ ಲೇಸು.

ಮೈಸೂರಿನಿಂದ ಕುಶಾಲನಗರಕ್ಕೆ ರೈಲು ತರುವ ಮಾತು ಬಹುಕಾಲದಿಂದ ನಡೆದುಬಂದಿದೆ. ಬೇಕೆನ್ನುವವರೂ ಇದ್ದಾರೆ, ಕಾಡಿಗೂ ಕಾವೇರಿಗೂ ಕೇಡಾದೀತೆಂದು ಅಂಜುವವರೂ ಇದ್ದಾರೆ. ಹುಣಸೂರು, ಪಿರಿಯಾಪಟ್ಟಣಗಳ ಬಯಲಿನಲ್ಲಿ ಬರುವ ಹಳಿ ಬೇರೆ, ಮಲೆಯನ್ನು ಸೀಳಿ ಕರಾವಳಿಗೆ ಇಳಿಯುವ ಹಳಿ ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ತೂಗುವ ಮೊದಲು ಎರಡು ಪಕ್ಷದವರೂ ಒಮ್ಮೆ ಎಡಕುಮೇರಿಯ ದಾರಿಯಾಗಿ ಪಯಣಿಸಿ ಬರುವುದು ಒಳ್ಳೆಯದು. ಮಲೆಯೊಳಗೆ ಹಳಿಯನ್ನು ಹಾಕುವುದು ಒಂದು ಸಲದ ಕೆಲಸ. ಅದನ್ನು ಕಾಯುವುದು ಪ್ರತಿ ಮಳೆಗಾಲದ ಕೆಲಸವೆಂಬುದು ಅಲ್ಲಿ ಕಣ್ಣಾರೆ ಕಾಣುತ್ತದೆ. ಅಷ್ಟರವರೆಗೆ ಹಾರಂಗಿಯ ದಂಡೆಯ ಮೌನ ಹಾರಂಗಿಗೇ ಇರಲಿ.