ಬಗಲ ಕೂಸು

ಬಸುರಿಯನ್ನು ಎರಡು ಜೀವದವಳೆಂದು ಕರೆಯುವುದು ನಮ್ಮ ಕಡೆಯ ರೂಢಿ. ಸುಶ್ರುತ ಸಂಹಿತೆಯೂ ಆಕೆಗೆ ಎರಡು ಹೃದಯಗಳೆಂದು ಹೇಳಿ, ದೌಹೃದಿನಿ ಎಂಬ ಹೆಸರನ್ನು ಕೊಟ್ಟಿದೆ. ಶಾಸ್ತ್ರಕಾರರ ಲೆಕ್ಕವೂ ಹಳ್ಳಿಯ ಮುದುಕಿಯರ ಲೆಕ್ಕವೂ ಹೀಗೆ ಕೂಡಿ ಬರುವುದು ಅಪರೂಪವೇ ಸರಿ. ಆದರೆ ಈ ಲೆಕ್ಕವು ಚೊಚ್ಚಲು ಬಸುರಿಗೆ ಮಾತ್ರ ಒಪ್ಪುವಂತಹದೆಂಬುದು, ಎರಡನೆಯ ಸಲ ಗರ್ಭಿಣಿಯಾದಾಗ ನನಗೆ ತಿಳಿದುಬಂದಿತು. ಹೊಟ್ಟೆಯಲ್ಲಿ ಒಂದು, ಬಗಲಲ್ಲಿ ಒಂದು, ಎರಡನ್ನೂ ಹೊತ್ತ ನಾನೊಂದು. ಹೀಗೆ ಮೂರು ಜೀವವಾಗಿ 2024ನೆಯ ಇಸವಿಯಲ್ಲಿ ನಾನು ನಮ್ಮ ತಾಲೂಕಿನ ದವಾಖಾನೆಗೆ ಅಲೆದಾಡಿದೆನು.

ಚೊಚ್ಚಲಿನಲ್ಲಿ ನನ್ನನ್ನು ತೋರಿಸಲು ಕರೆದೊಯ್ಯುವುದೆಂದರೆ ಒಂದು ಸಣ್ಣ ದಿಬ್ಬಣವೇ ಹೊರಡುತ್ತಿದ್ದಿತು. ಅವ್ವ, ಚಿಕ್ಕವ್ವ, ನೀರಿನ ತಂಬಿಗೆ ಹಿಡಿದ ತಮ್ಮ. ಐದನೆಯ ತಿಂಗಳಲ್ಲಿ ಕುಬಸವಾಯಿತು. ಹಸಿರು ಸೀರೆ ಉಡಿಸಿದರು. ನೆಲದ ಮೇಲೆ ಕಾಲಿಡಗೊಡಲಿಲ್ಲ. ಎರಡನೆಯ ಬಸುರಿಗೆ ಈ ಸಂಭ್ರಮವೊಂದೂ ಇರುವುದಿಲ್ಲ. ಹೊಲಕ್ಕೆ ಎರಡನೆಯ ಮಳೆ ಬಂದಂತೆ ಅದು ಬರುತ್ತದೆ. ಜನರು ತಲೆಯೆತ್ತಿ ನೋಡಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಷ್ಟು ಹೊತ್ತಿಗೆ ನನ್ನ ತಂದೆಯವರು ಲಕ್ವಾ ಹೊಡೆದು ಮಲಗಿದ್ದರು. ಅವ್ವನು ಅವರನ್ನು ಬಿಟ್ಟು ಒಂದು ಗಳಿಗೆ ಕದಲುವಂತಿರಲಿಲ್ಲ. ಅತ್ತೆಯವರು ತೀರಿಕೊಂಡು ಮೂರು ವರುಷ. ಯಜಮಾನರಿಗೆ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಒಂದು ದಿನ ತಪ್ಪಿದರೆ ಒಂದು ದಿನದ ಸಂಬಳ ತಪ್ಪುವುದು. ಮಗಳು ಚಿನ್ನಿಗೆ ಆಗ ಎರಡು ವರುಷ ತುಂಬಲು ಎರಡು ತಿಂಗಳು ಕಡಿಮೆ. ಅಂಗನವಾಡಿಯ ಪಾಠದ ಮಣೆ ಮೂರು ವರುಷಕ್ಕೆ ಮೇಲ್ಪಟ್ಟವರಿಗೆ. 2023ರಿಂದ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ಎಂಬ ಕೇಂದ್ರಗಳನ್ನು ತೆರೆಯಲಾಗಿದೆಯಷ್ಟೆ. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರುಷದೊಳಗಿನ ಕೂಸುಗಳಿಗಾಗಿ ಹುಟ್ಟಿದ ಒಳ್ಳೆಯ ಏರ್ಪಾಡು ಅದು; ಆದರೆ ನಮ್ಮ ಊರಿಗೆ ಅದಿನ್ನೂ ಬಂದಿರಲಿಲ್ಲ. ಆದುದರಿಂದ ಚಿನ್ನಿಯು ನನ್ನೊಡನೆ ಬರಲೇಬೇಕಾಯಿತು.

ಪ್ರತಿ ತಿಂಗಳು ಒಂಬತ್ತನೆಯ ತಾರೀಖಿನಂದು ಸರಕಾರಿ ದವಾಖಾನೆಗಳಲ್ಲಿ ಗರ್ಭಿಣಿಯರನ್ನು ಬಿಟ್ಟಿಯಾಗಿ ಪರೀಕ್ಷಿಸುವ ಪದ್ಧತಿ 2016ರಿಂದ ನಡೆದುಬಂದಿದೆ. ಬಸ್ಸಿನಲ್ಲಿಯೂ 2023ರ ಜೂನಿನಿಂದ ನಮ್ಮ ರಾಜ್ಯದ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಅಂತು ಖರ್ಚಿನ ಮಾತು ಹೆಚ್ಚಿಲ್ಲ. ಖರ್ಚಾಗುತ್ತಿದ್ದುದು ನನ್ನ ಸೊಂಟ. ಒಂದು ಚೀಲದಲ್ಲಿ ತಾಯಿ ಕಾರ್ಡು, ಚುರಮುರಿ, ಬಾಳೆಯ ಹಣ್ಣು, ಎರಡು ಜೊತೆ ಚಡ್ಡಿ, ಹಳೆಯ ಸೀರೆಯ ತುಂಡು. ಇನ್ನೊಂದು ಕಡೆ ಚಿನ್ನಿ. ಬಸ್ಸು ಇಳಿದು ದವಾಖಾನೆಯ ಗೇಟಿನವರೆಗೆ ನಡೆಯುವಾಗ ದಾರಿಯ ಹೆಂಗಸರೆಲ್ಲ, "ಯವ್ವಾ, ಬಸರಿದ್ದಾಕಿ ಕೂಸನ್ನ ಎತ್ತಬಾರದು, ಇಳಿಸು" ಎನ್ನುತ್ತಿದ್ದರು. ಇಳಿಸಿದರೆ ಅವಳು ರಸ್ತೆಗೆ ಓಡುತ್ತಿದ್ದಳು. ಉಪದೇಶ ಮಾಡಿದವರಲ್ಲಿ ಒಬ್ಬಳಾದರೂ ಅವಳನ್ನು ತಾನು ಎತ್ತಿಕೊಂಡಳೆಂದು ಹೇಳಲಾರೆನು.

ಮೊದಲ ಕೆಲಸ ತೂಕ. ನಾನು ತಕ್ಕಡಿಯ ಮೇಲೆ ನಿಂತೊಡನೆ, ಇದೇನೋ ಹೊಸ ಆಟವೆಂದು ಬಗೆದು ಚಿನ್ನಿಯೂ ಹಿಂದಿನಿಂದ ಹತ್ತಿ ನನ್ನ ಸೀರೆಯನ್ನು ತಬ್ಬಿ ನಿಂತಳು. ಸಿಸ್ಟರರು ಅಂಕಿಯನ್ನಷ್ಟೇ ನೋಡಿ, "ಏನವ್ವಾ, ಒಂದ ತಿಂಗಳದಾಗ ಹನ್ನೊಂದ ಕಿಲೋ ಏರೀಯಲ್ಲ!" ಎಂದು ಗಾಬರಿಯಾದರು. ಕಾರಣವು ನನ್ನ ಬೆನ್ನ ಹಿಂದಿನಿಂದ ಇಣುಕಿದಾಗ ಸಾಲಿನಲ್ಲಿದ್ದವರೆಲ್ಲರೂ ನಕ್ಕರು. ಅಂದಿನಿಂದ ಎರಡು ತಿಂಗಳು ಆ ತಕ್ಕಡಿಯ ಬಳಿ ನಮ್ಮಿಬ್ಬರಿಗೂ ಒಂದು ಬಗೆಯ ಹೆಸರಿದ್ದಿತು.

ಆಮೇಲೆ ರಕ್ತದೊತ್ತಡ, ಬೆರಳಿನ ರಕ್ತ, ಹೊಟ್ಟೆಯ ಅಳತೆ. ಕೊನೆಗೆ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ, ಅಂಗೈಯಷ್ಟು ಯಂತ್ರವನ್ನೊತ್ತಿ ಕೂಸಿನ ಎದೆಬಡಿತವನ್ನು ಕೇಳಿಸುವರು. ನಿಮಿಷಕ್ಕೆ ನೂರಿಪ್ಪತ್ತಕ್ಕೂ ಮಿಕ್ಕಿ ಬಡಿಯುವ ಆ ಸದ್ದನ್ನು ಕೇಳಿ ಚಿನ್ನಿಯು ಅಳುವುದನ್ನು ನಿಲ್ಲಿಸಿ, ಕಣ್ಣರಳಿಸಿ, "ಗಿನ್ನಿ!" ಎಂದಳು. ಡಾಕ್ಟರಬಾಯಿಯವರಿಗೆ ಅರ್ಥವಾಗಲಿಲ್ಲ. ನಮ್ಮ ಮನೆಯ ಮಗ್ಗುಲಿಗೆ ಹಿಟ್ಟಿನ ಗಿರಣಿಯಿದೆ. ಅದರ ಪಟ್ಟಿಯು ಸಾಯಂಕಾಲವೆಲ್ಲ ಹೀಗೆಯೇ ಬಡಿದುಕೊಳ್ಳುತ್ತದೆ. ಅವ್ವನ ಹೊಟ್ಟೆಯೊಳಗೊಂದು ಗಿರಣಿ ನಡೆದಿದೆಯೆಂಬುದನ್ನು ಮಗಳು ಮನೆಗೆ ಬಂದು ತಂದೆಗೂ ಹೇಳಿದಳು.

ಐದನೆಯ ತಿಂಗಳಲ್ಲಿ ಸ್ಕ್ಯಾನಿಂಗ್ ಆಯಿತು. ಬಾಗಿಲ ಮೇಲೆ, 1994ರ ಕಾಯಿದೆಯಂತೆ ಇಲ್ಲಿ ಭ್ರೂಣದ ಲಿಂಗವನ್ನು ತಿಳಿಸಲಾಗುವುದಿಲ್ಲವೆಂಬ ಫಲಕ. ಅದರ ಕೆಳಗೆ, ಗರ್ಭಿಣಿಯ ಹೊರತು ಇತರರಿಗೆ ಪ್ರವೇಶವಿಲ್ಲವೆಂದು ಕೈಬರಹದ ಚೀಟಿ. ಆ ಧ್ವನಿಯ ಅಲೆಗಳಿಂದ ಮಗುವಿಗೆ ಬಾಧಕವೇನೂ ಇಲ್ಲ, ಅದು ಕ್ಷ-ಕಿರಣವಲ್ಲ. ಆದರೂ ಚೀಟಿ ಚೀಟಿಯೇ. ಬಾಕಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ, ಹೆಸರೂ ಕೇಳದ ಹೆಂಗಸಿನ ತೊಡೆಯ ಮೇಲೆ ಚಿನ್ನಿಯನ್ನಿಟ್ಟು ಒಳಗೆ ಹೋದೆನು. ಬಾಗಿಲು ಮುಚ್ಚಿತು, ಅವಳು ಚೀರಿದಳು. ಪರದೆಯ ಮೇಲೆ ಬೆನ್ನುಮೂಳೆಯನ್ನು ತೋರಿಸಿದರು, ಹೃದಯದ ನಾಲ್ಕು ಕೋಣೆಗಳನ್ನು ತೋರಿಸಿದರು, ಒಂದು ಅಂಗಾಲನ್ನು ತೋರಿಸಿದರು. ಚೊಚ್ಚಲಿನಲ್ಲಿ ಇದನ್ನೇ ನೋಡಿ ಅತ್ತವಳು ನಾನು. ಈ ಸಲ ನನ್ನ ಕಣ್ಣು ಮಾತ್ರ ಒಳಗಿದ್ದಿತು; ಕಿವಿಯು ಬಾಗಿಲಾಚೆ ಇದ್ದಿತು. ಎಲ್ಲ ಸರಿಯಾಗಿದೆಯೆಂದು ಅವರು ಹೇಳಿದುದನ್ನು ಎರಡನೆಯ ಬಾರಿ ಕೇಳಿ ತಿಳಿದುಕೊಳ್ಳಬೇಕಾಯಿತು. ಒಂದನ್ನು ನೋಡುವುದಕ್ಕಾಗಿ ಇನ್ನೊಂದನ್ನು ಅಳಿಸುವುದೇ ಇನ್ನು ಮುಂದಿನ ನನ್ನ ಬಾಳು ಎಂದು ಅಲ್ಲಿಯೇ ಮೊದಲು ಹೊಳೆಯಿತು.

ಏಳನೆಯ ತಿಂಗಳ ಸಕ್ಕರೆಯ ಪರೀಕ್ಷೆಯನ್ನು ಕಂಡು ಹಿಡಿದವರಿಗೆ ಎರಡು ವರುಷದ ಮಕ್ಕಳಿರಲಿಲ್ಲವೆಂದು ಕಾಣುತ್ತದೆ. 75 ಗ್ರಾಮು ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ವಾಂತಿಯಾಗಬಾರದು, ಸರಿಯಾಗಿ ಎರಡು ತಾಸು ಕುಳಿತಿದ್ದು ಆಮೇಲೆ ರಕ್ತ ಕೊಡಬೇಕು. ಅವ್ವನು ಒಬ್ಬಳೇ ಶರಬತ್ತು ಕುಡಿಯುತ್ತಿರುವಳೆಂಬುದನ್ನು ಚಿನ್ನಿಯು ಸಹಿಸುವುದುಂಟೆ? ಗ್ಲಾಸಿಗೆ ಕೈ ಹಾಕಿದಳು. ಒಂದು ಗುಟುಕು ಅವಳಿಗೆ ಹೋದರೆ ಲೆಕ್ಕ ತಪ್ಪುವುದು. ಗೋಡೆಗೆ ಮುಖ ಮಾಡಿ, ಕದ್ದು ಕುಡಿಯುವವಳಂತೆ, ಹೇವರಿಕೆ ಬರುವ ಆ ಸಿಹಿಯನ್ನು ನಾನು ನುಂಗಿದೆನು. ಅವಳು ಬೆನ್ನಿನ ಮೇಲೆ ಗುದ್ದುತ್ತಿದ್ದಳು. ಅನಂತರದ ಎರಡು ತಾಸುಗಳನ್ನು ನಾನು ವರ್ಣಿಸಹೋಗುವುದಿಲ್ಲ. ಕೂಸುಗಳಿದ್ದ ವಾಚಕರು ಊಹಿಸಿಕೊಳ್ಳಬಲ್ಲರು, ಇಲ್ಲದವರು ನಂಬಲಾರರು. ಒಂದು ಕುರ್ಚಿಯು ಉರುಳಿತು, ಯಾರದೋ ಕಾಗದಗಳು ಚದರಿದುವು, ಒಳಗೆ ಡಾಕ್ಟರಬಾಯಿಯವರು ಇನ್ನೊಬ್ಬಳ ಹೊಟ್ಟೆಯ ಸದ್ದನ್ನು ಕೇಳುತ್ತಿದ್ದಾಗ ಹೊರಗೆ ನಮ್ಮವಳ ಸದ್ದೇ ಹೆಚ್ಚಾಯಿತು. ನನ್ನ ಸರದಿ ಬಂದಾಗ ಅವರು ಬೇಸತ್ತ ದನಿಯಲ್ಲಿ, "ಮುಂದಿನ ಸಲ ಕೂಸನ್ನ ಮನ್ಯಾಗ ಬಿಟ್ಟು ಬಾರವಾ. ನಿನಗೂ ತ್ರಾಸ, ನಮಗೂ ತ್ರಾಸ" ಎಂದರು.

ಅವರು ಕೆಟ್ಟವರಲ್ಲ. ಆ ದಿನ ಬೆಳಗಿನಿಂದ ಎಷ್ಟು ಹೊಟ್ಟೆಗಳ ಮೇಲೆ ಕೈಯಿಟ್ಟಿದ್ದರೋ! ಮನೆಯಲ್ಲಿ ಯಾರೂ ಇಲ್ಲವೆಂದು ನಾನು ಒಂದು ಮಾತು ಹೇಳಿದ್ದರೆ ಆಗುತ್ತಿದ್ದಿತು. ಹೇಳಲಿಲ್ಲ. ಹತ್ತಾರು ಹೆಂಗಸರೆದುರಿಗೆ, ತನಗೆ ದಿಕ್ಕಿಲ್ಲವೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ನಾನು ಕಾಲೇಜು ಮೆಟ್ಟಿಲು ಹತ್ತಿದವಳೆಂಬ ಬಿಗುಮಾನವೂ ಒಂದಿಷ್ಟು ಇದ್ದಿರಬೇಕು.

ಮುಂದಿನ ಒಂಬತ್ತನೆಯ ತಾರೀಖು, ಆಗಸ್ಟ್ ತಿಂಗಳಿನದು, ನಾಗರ ಪಂಚಮಿಯ ದಿನವೇ ಬಂದಿತು. ಊರೆಲ್ಲ ಜೋಕಾಲಿ, ಮನೆಮನೆಯಲ್ಲಿ ಉಂಡಿ. ಹಬ್ಬದ ದಿನ ಯಾರು ಹೋಗುವರೆಂದು ನನಗೆ ನಾನೇ ಹೇಳಿಕೊಂಡೆನು. ಮರುದಿನವೂ ಹೋಗಲಿಲ್ಲ, ಅದರ ಮರುದಿನವೂ ಇಲ್ಲ. ನಿಜವಾದ ಕಾರಣವು ಹಬ್ಬವಾಗಿರಲಿಲ್ಲ.

ಆರೋಗ್ಯವಾಗಿ ತಿರುಗಾಡುವ ಹೆಂಗಸನ್ನು ಮತ್ತೆ ಮತ್ತೆ ಕರೆದು ಪರೀಕ್ಷಿಸಬೇಕೆಂಬ ವಿಚಾರವು ವೈದ್ಯದಲ್ಲಿ ಬಹು ಹಳೆಯದಲ್ಲ. ಎಡಿನ್‌ಬರೋದ ಡಾಕ್ಟರ್ ಬ್ಯಾಲಂಟೈನರು ಹೆರಿಗೆಗೆ ಮೊದಲೇ ತಾಯಂದಿರನ್ನು ನೋಡಿಕೊಳ್ಳುವ ಆಸ್ಪತ್ರೆ ಬೇಕೆಂದು ವಾದಿಸಿದುದು 1901ರಲ್ಲಿ. ಎಷ್ಟನೆಯ ವಾರಕ್ಕೆ ಬರಬೇಕೆಂಬ ಪಟ್ಟಿಯನ್ನು ಇಂಗ್ಲಂಡಿನ ಆರೋಗ್ಯ ಇಲಾಖೆಯು 1929ರಲ್ಲಿ ಗೊತ್ತುಮಾಡಿತು. ನಮ್ಮಲ್ಲಿ ಕಡಿಮೆಯೆಂದರೂ ನಾಲ್ಕು ಸಲ ಎನ್ನುವರು. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಎಂಟು ಸಲ ಎಂದಿತು. ಇಷ್ಟು ಕರೆಯುವುದೇಕೆ? ಬಸುರಿನಲ್ಲಿ ಏರುವ ರಕ್ತದೊತ್ತಡವು ಬಹುಮಟ್ಟಿಗೆ ನೋಯಿಸದೆಯೇ ಬರುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆದಲ್ಲದೆ ಅದು ತನ್ನ ಇರವನ್ನು ತೋರಿಸುವುದಿಲ್ಲ. ತೋರಿಸುವ ಹೊತ್ತಿಗೆ ಕೆಲವು ಸಲ ಸೆಳವೇ ಬಂದಿರುತ್ತದೆ. ಇದನ್ನೆಲ್ಲ ನಾನು ಓದಿ ತಿಳಿದುಕೊಂಡುದು ಆಮೇಲೆ. ಆಗ ನನ್ನ ಪಾದಗಳು ಬಾತಾಗ, ಕೂಸನ್ನು ಎತ್ತಿ ಎತ್ತಿ ಹೀಗಾಯಿತೆಂದುಕೊಂಡೆನು. ಮುಖ ಉಬ್ಬಿದಾಗ ನಿದ್ದೆಗೆಟ್ಟುದರಿಂದ ಎಂದುಕೊಂಡೆನು. ತಲೆನೋವಿಗೆ ಚಿನ್ನಿಯ ಚೀರಾಟವೇ ಕಾರಣವೆಂದುಕೊಂಡೆನು. ಆ ಕಂದನ ಮೇಲೆ ನಾನು ಹೊರಿಸಿದ ಆರೋಪಗಳು ಒಂದೆ, ಎರಡೆ!

ಆಗಸ್ಟ್ ಕೊನೆಯ ವಾರದಲ್ಲಿ ನಮ್ಮ ಊರ ಆಶಾ ಕಾರ್ಯಕರ್ತೆಯು ತನ್ನ ಪಟ್ಟಿಯನ್ನು ಹಿಡಿದುಕೊಂಡು ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತು, "ಅಕ್ಕಾರ, ಮಾರಿ ಯಾಕ ಹಿಂಗ ಬಾತೈತಿ?" ಎಂದಳು. ಕೂಸನ್ನು ತರಬೇಡವೆಂದಿರುವರೆಂದು ಹೇಳಿದೆನು. "ಅದಕ್ಕೇನಾತು, ಕೂಸನ್ನ ನಾ ಹಿಡೀತೀನಿ, ನಡೀರಿ" ಎಂದು ಚಿನ್ನಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡೇಬಿಟ್ಟಳು. ಇಷ್ಟೇ ಮಾತು, ಇದನ್ನು ಯಾರಾದರೂ ಆಡಲೆಂದು ನಾನು ಐದು ತಿಂಗಳು ಕಾದಿದ್ದೆನು.

ರಕ್ತದೊತ್ತಡವು 156ಕ್ಕೆ 104 ಇದ್ದಿತು. 140ಕ್ಕೆ 90 ದಾಟಿದರೇ ಹೆಚ್ಚೆಂದು ಎಣಿಸುವರು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದಿತು. ಡಾಕ್ಟರಬಾಯಿಯವರು ಈಗ ಬೈಯಲಿಲ್ಲ. ಅದರಿಂದಲೇ ನನಗೆ ಹೆದರಿಕೆಯಾಯಿತು. ಕಾರ್ಡನ್ನು ತಿರುವಿಹಾಕಿ, "ಹೋದ ತಿಂಗಳದ್ದು ಖಾಲಿ ಐತಲ್ಲ?" ಎಂದು ಮೆಲ್ಲಗೆ ಕೇಳಿದರು. ನಾನು ಚಿನ್ನಿಯ ಕಡೆ ನೋಡಿದೆನು. ಅವರೂ ನೋಡಿದರು. ಮತ್ತೇನನ್ನೂ ಕೇಳಲಿಲ್ಲ. ತಾಯಿ ಕಾರ್ಡಿನಲ್ಲಿ ಹಿಂದಿನ ಹೆರಿಗೆಗಳನ್ನು ಬರೆಯುವ ಸ್ಥಳವುಂಟು. ಆ ಹೆರಿಗೆಯಲ್ಲಿ ಹುಟ್ಟಿದ ಕೂಸು ಈಗ, ಈ ಗಳಿಗೆಯಲ್ಲಿ, ಯಾರ ಹತ್ತಿರ ಇದೆಯೆಂದು ಕೇಳುವ ಸ್ಥಳವನ್ನು ನಾನು ಅದರಲ್ಲಿ ಕಾಣಲಿಲ್ಲ. ಕೇಳಿದ್ದರೆ, ಒಂದು ಮೂಲೆಗೆ ಒಂದು ಚಾಪೆ ಹಾಸಿದ್ದರೆ, ಆ ಖಾಲಿ ಸಾಲು ತುಂಬುತ್ತಿದ್ದಿತೋ ಏನೋ.

108ರ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ದಾರಿಯುದ್ದಕ್ಕೂ ಗಾಡಿಯ ಕೂಗಿಗೆ ಚಿನ್ನಿಯು ಕೈತಟ್ಟಿ ನಕ್ಕಳು. ಅವಳಿಗೆ ಅದು ಪಂಚಮಿಯ ಮುಂದುವರಿಕೆ. ವಾರ್ಡಿನ ಬಾಗಿಲಲ್ಲಿ ತಡೆದರು. ಮಕ್ಕಳನ್ನು ರಾತ್ರಿ ಒಳಗೆ ಬಿಡುವಂತಿಲ್ಲ. ಹುಟ್ಟಿದಂದಿನಿಂದ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿಯದೆ ನಿದ್ದೆ ಹೋದವಳಲ್ಲ ಅವಳು. ಯಜಮಾನರು ಪಾಳಿ ಬಿಟ್ಟು ಬರುವಾಗ ರಾತ್ರಿ ಹತ್ತು ಹೊಡೆದಿದ್ದಿತು. ಅಲ್ಲಿಯವರೆಗೆ ಆ ಆಶಾ ತಂಗಿಯು, ತನ್ನ ಮನೆಯಲ್ಲಿ ಎರಡು ಮಕ್ಕಳಿದ್ದೂ, ಹೊರಗಿನ ಕಟ್ಟೆಯ ಮೇಲೆ ಚಿನ್ನಿಯನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದಳು. ನಾನು ಉಟ್ಟಿದ್ದ ಸೀರೆಯನ್ನು ಬಿಚ್ಚಿ, ಆಸ್ಪತ್ರೆಯ ಅಂಗಿ ತೊಟ್ಟು, ಸೀರೆಯನ್ನು ಹೊರಗೆ ಕಳುಹಿಸಿದೆನು. ಅದರ ಸೆರಗನ್ನು ಹಿಡಿದು ಮಲಗಿದಳೆಂದು ಬಂದು ಹೇಳಿದರು. ಆ ರಾತ್ರಿ ನಾನು ಹೊಟ್ಟೆಯೊಳಗಿನ ಕೂಸಿಗಾಗಿ ಎಡಮಗ್ಗುಲಾಗಿ ಮಲಗಿ, ಹೊರಗಿನ ಕೂಸಿಗಾಗಿ ಬಾಗಿಲನ್ನು ನೋಡುತ್ತ ಇದ್ದೆನು.

ಮಾತ್ರೆಗಳಿಂದ ಒತ್ತಡವು ಇಳಿಯಿತು. ಮೂರು ವಾರ ಅಲ್ಲಿಯೇ ಇಟ್ಟುಕೊಂಡರು. ಯಜಮಾನರು ಸಂಬಳವಿಲ್ಲದ ರಜೆ ಹಾಕಿ ಸಂಜೆಸಂಜೆಗೆ ಚಿನ್ನಿಯನ್ನು ಕರೆತರುತ್ತಿದ್ದರು. ಮೊದಲ ನಾಲ್ಕು ದಿನ ಅವಳು ನನ್ನ ಹತ್ತಿರ ಬರಲಿಲ್ಲ, ತಂದೆಯ ಕೊರಳಲ್ಲಿ ಮುಖವನ್ನು ಹುದುಗಿಸಿದಳು. ಮೂವತ್ತೇಳನೆಯ ವಾರ ತುಂಬಿದೊಡನೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಮಗು, ಎರಡು ಕಿಲೋ ಮುನ್ನೂರು ಗ್ರಾಮು. ಸಣ್ಣದು, ಆದರೆ ಗಂಟಲು ಅಕ್ಕನದೇ.

ಮನೆಗೆ ಬಂದ ಸಂಜೆ ಕೂಸನ್ನು ಚಾಪೆಯ ಮೇಲೆ ಮಲಗಿಸಿದ್ದೆನು. ಚಿನ್ನಿಯು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನನ್ನ ಬಳಿ ಬಂದು, ಸೆರಗನ್ನು ಸರಿಸಿ, ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು. ಮಗ್ಗುಲಿನ ಗಿರಣಿಯವನು ಅಂದು ಆಗಲೇ ಬಾಗಿಲು ಹಾಕಿಕೊಂಡು ಹೋಗಿದ್ದನು. "ಗಿನ್ನಿ ಬಂದ್ ಆತು" ಎಂದು ತಂದೆಗೆ ಹೇಳಲು ಓಡಿದಳು.