ಮೂರ್ತಿ ದೊಡ್ಡದೋ, ಪಟ್ಟು ದೊಡ್ಡದೋ?

ಬೆಳಗಾವಿಯ ಶಿವಬಸವ ನಗರವು ವಿದ್ಯಾರ್ಥಿಗಳ ಬೀಡು. ನಾಗನೂರು ರುದ್ರಾಕ್ಷಿ ಮಠದ ಆಶ್ರಯದಲ್ಲಿ ಉಂಡು ಓದಿದ ಹಳ್ಳಿಯ ಬಡಮಕ್ಕಳು ಅನೇಕರು. ಅಲ್ಲಿಂದ ಊರನ್ನು ಹಾಯ್ದು, ಕಪಿಲೇಶ್ವರ ದೇವಾಲಯವನ್ನು ದಾಟಿ, ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಶಹಾಪುರದ ಕಡೆಗೆ ನಡೆದರೆ ಬೇರೊಂದು ವಿದ್ಯೆಯ ಸ್ಥಾನವು ಕಾಣಸಿಗುವುದು. ಅದೇ ಆನಂದವಾಡಿಯ ಕುಸ್ತಿಯ ಅಖಾಡ.

ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಕೂಡಿಸಿ ಹದಗೊಳಿಸಿದ ಕೆಮ್ಮಣ್ಣು ಗರಡಿಯ ಮಕ್ಕಳಿಗೆ ತಾಯ ಮಡಿಲಿದ್ದಂತೆ. ಕುಸ್ತಿಯ ದಿನ ಕಣದ ಸುತ್ತ ಕುಳಿತ ಜನರಲ್ಲಿ ಹಳೆಯದೊಂದು ವಾದವು ತಪ್ಪದೆ ಹುಟ್ಟುವುದು: ಗೆಲ್ಲುವುದು ಮೈಯೋ, ಪಟ್ಟೋ? ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂದು ಕೆಲವರು. ಆನೆಯ ಮುಂದೆ ಆಡಿನ ಆಟವೇನೆಂದು ಕೆಲವರು.

ಚಿಕ್ಕ ಮೂರ್ತಿಯವರ ಪಕ್ಷಕ್ಕೆ ಗಾಮಾ ಪೈಲ್ವಾನನ ಸಾಕ್ಷಿಯುಂಟು. ಐದೂವರೆ ಅಡಿಗೆ ತುಸು ಮಿಕ್ಕಿದ್ದ ಆತನು, ಸುಮಾರು ಏಳಡಿಯ ರಹೀಂ ಬಕ್ಷನೊಡನೆ ಸರಿಸಮನಾಗಿ ಸೆಣಸಿದನು. ಆದರೆ 1910ರಲ್ಲಿ ಲಂಡನ್ನಿನಲ್ಲಿ, ತನಗಿಂತ ಭಾರವಾದ ಝಿಬಿಸ್ಕೋ ನೆಲಕ್ಕೆ ಅಂಟಿಕೊಂಡು ಮಲಗಿಬಿಡಲು, ಎರಡು ಗಂಟೆಗೂ ಮಿಕ್ಕಿ ಹೆಣಗಿದರೂ ಗಾಮಾನಿಗೆ ಅವನನ್ನು ಚಿತ್ತುಮಾಡಲಾಗಲಿಲ್ಲ. 1928ರಲ್ಲಿ ಪಟಿಯಾಲದ ಮಣ್ಣಿನಲ್ಲಿ ಮಾತ್ರ ಒಂದು ನಿಮಿಷದೊಳಗಾಗಿಯೇ ಕೆಡವಿದನು. ಭಾರವು ಸೋಲನ್ನು ತಡೆಯಬಲ್ಲದು. ಗೆಲುವನ್ನು ತರಲು ಅದೊಂದೇ ಸಾಲದು.

ಅನುಭವಿಗಳಾದ ವಸ್ತಾದರು ಈ ವಾದಕ್ಕೆ ಬಾಯಿಂದ ಉತ್ತರ ಕೊಡುವುದಿಲ್ಲ. ಜೋಡಿ ಕಟ್ಟುವುದರಲ್ಲಿ ಕೊಡುತ್ತಾರೆ. ಮೈಗೆ ಮೈ, ವಯಸ್ಸಿಗೆ ವಯಸ್ಸು ನೋಡಿಯೇ ಅವರು ಎದುರಾಳಿಯನ್ನು ನಿಲ್ಲಿಸುವರು. ಒಲಿಂಪಿಕ್ ಕೂಟದ ತೂಕದ ವರ್ಗಗಳೂ ಇದೇ ನ್ಯಾಯ. ಶಕ್ತಿಯು ಸಮವಾದಲ್ಲಿಯೇ ವಿದ್ಯೆಯ ಬೆಲೆ ಹೊರಬೀಳುವುದು. ಕರಾಡದ ಸಮೀಪದ ಗೋಳೇಶ್ವರದ ಖಾಶಾಬಾ ಜಾಧವರು 1948ರಲ್ಲಿ ಲಂಡನ್ನಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಯಲ್ಲಿ 57 ಕಿಲೋ ವರ್ಗದಲ್ಲಿ ಕಂಚಿನ ಪದಕ ಗಳಿಸಿದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿಯು ತಂದ ಮೊದಲನೆಯ ಒಲಿಂಪಿಕ್ ಪದಕವದು. ಹಿರಿಯ ಮೈಯವರೊಡನೆಯೇ ಸೆಣಸಬೇಕಾಗಿದ್ದರೆ ಅವರ ಪಟ್ಟುಗಳನ್ನು ಲೋಕವು ಕಾಣುತ್ತಿತ್ತೇ?

ಜೀವನದಲ್ಲಿಯಾದರೋ ಜೋಡಿ ಕಟ್ಟುವ ವಸ್ತಾದರಿಲ್ಲ. ಬೆಳಗಾವಿಯಿಂದ ತೆಂಕಣಕ್ಕೆ ಹೊರಟು ಖಾನಾಪುರ ತಾಲೂಕಿನ ನಂದಗಡಕ್ಕೆ ಬಂದವರಿಗೆ ಇದು ಮನದಟ್ಟಾಗುವುದು. ಕಿತ್ತೂರಿನ ಸಂಗೊಳ್ಳಿ ರಾಯಣ್ಣನಿಗೆ ಎದುರಾಳಿಯಾಗಿ ನಿಂತದ್ದು ಕುಂಪಣಿಯ ದೊಡ್ಡ ದಂಡು. ಬಯಲಿನಲ್ಲಿ ಎದುರಿಸಲಾಗದ ಆ ಬಲವನ್ನು ಅವನು ಈ ಕಾಡುಗುಡ್ಡಗಳ ಮರೆಯಿಂದ ಎರಗಿ, ಕಚೇರಿಗಳನ್ನು ಸುಟ್ಟು, ಮತ್ತೆ ಕಾಡನ್ನು ಹೊಕ್ಕು ಕಾಡಿದನು. ಕಾಡೇ ಅವನ ಪಟ್ಟು. 1830ರಲ್ಲಿ ಅವನು ಸೆರೆಸಿಕ್ಕಿದ್ದು ದಂಡಿನ ಬಲಕ್ಕಲ್ಲ, ನಂಬಿದವರ ದ್ರೋಹಕ್ಕೆ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಅವನ ಸಮಾಧಿಯ ಬಳಿಯ ಆಲದ ನೆರಳಿಗೆ ಜನರು ಇಂದಿಗೂ ಹರಕೆ ಹೊತ್ತು ಬರುತ್ತಾರೆ. ನಿಮ್ಮ ಮನೆಯ ಮಗು ಸಣಕಲಾಗಿದ್ದರೆ ಗರಡಿಗೆ ಕಳುಹಿಸಲು ಹಿಂಜರಿಯಬೇಡಿರಿ. ಮೈ ಬೆಳೆದಷ್ಟೇ ಬೆಳೆಯಲಿ. ತನಗಿಂತ ದೊಡ್ಡದರ ಮುಂದೆ ಎಲ್ಲಿ ಕಾಲೂರಬೇಕೆಂಬುದನ್ನು ಅದು ಮಣ್ಣಿನಲ್ಲಿಯೇ ಕಲಿಯಲಿ.