ರಾಗ ಉಳಿಯಿತು, ಆಟ ಹೋಯಿತು

ನಮ್ಮೂರು ಸಂತೆಮರಹಳ್ಳಿಯ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಕ್ರಿಕೆಟ್ಟಿಗೆಂದು ಬೇರೆ ಸಂಗೀತ ಇರಲಿಲ್ಲ. ಇದ್ದದ್ದು ಆಕಾಶವಾಣಿಯ ಬೆಳಗಿನ ರಾಗ. ಮೊದಲು ತಂಬೂರಿ, ಅದರ ಮೇಲೆ ಪಿಟೀಲು, ಆಮೇಲೆ ವಂದೇ ಮಾತರಂ, ಆಮೇಲೆ ನಿಲಯದ ಹೆಸರು. ಆಸ್ಟ್ರೇಲಿಯಾದಲ್ಲಿ ಟೆಸ್ಟ್ ನಡೆಯುವಾಗ ಅದು ಮುಗಿಯುವುದನ್ನೇ ಕಾದಿದ್ದು ಯಾರಾದರೂ ಎದ್ದು ಶಾರ್ಟ್‌ವೇವ್‌ಗೆ ತಿರುಗಿಸುತ್ತಿದ್ದರು. ರೇಡಿಯೋ ಆಸ್ಟ್ರೇಲಿಯಾ ಒಂದು ಗಳಿಗೆ ಸ್ಪಷ್ಟವಾಗಿ ಬಂದರೆ ಇನ್ನೊಂದು ಗಳಿಗೆ ಗೊರಗೊರ. 1981ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ನಲ್ಲಿ ಜಿ.ಆರ್. ವಿಶ್ವನಾಥ್ 114 ಹೊಡೆದದ್ದು, ಕೊನೆಯ ದಿನ ಕಪಿಲ್ ದೇವ್ ನೋವಿದ್ದ ಕಾಲಲ್ಲೇ ಓಡಿಬಂದು 28 ರನ್ನಿಗೆ 5 ವಿಕೆಟ್ ಕಿತ್ತದ್ದು, ಆಸ್ಟ್ರೇಲಿಯಾ 83ಕ್ಕೆ ಮುಗಿದದ್ದು ನಮಗೆ ತಿಳಿದದ್ದು ಹೀಗೆ. ಇಂಗ್ಲಿಷ್ ತಿಳಿಯುತ್ತಿದ್ದವರು ಹೈಸ್ಕೂಲಿನ ಮೇಷ್ಟ್ರೊಬ್ಬರು. ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕೇಳಿ, ತಿರುಗಿ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಯಳಂದೂರಿನ ಬಸ್ಸಿಗೆ ಕಾದವರು, ರೇಷ್ಮೆ ಗೂಡಿನ ಮೂಟೆ ಹೊತ್ತುಕೊಂಡು ಹೊರಟವರು ನಿಂತು, "ಏಟಾಯ್ತು ಮೇಷ್ಟ್ರೆ?" ಅನ್ನುತ್ತಿದ್ದರು. ಕ್ರಿಕೆಟ್ ಗೊತ್ತಿಲ್ಲದವರೂ ಕೇಳುತ್ತಿದ್ದರು. ಕೇಳದೆ ಮುಂದೆ ಹೋಗುವುದು ಮರ್ಯಾದೆಯಲ್ಲ ಎಂಬಂತೆ.

ಆ ರಾಗ ಕಟ್ಟಿದವರು ವಾಲ್ಟರ್ ಕೌಫ್ಮನ್. ಇಂದಿನ ಚೆಕ್ ದೇಶದ ಕಾರ್ಲೋವಿ ವಾರಿಯಲ್ಲಿ ಹುಟ್ಟಿದ ಯಹೂದಿ. ಹಿಟ್ಲರನ ಕಾಲದಲ್ಲಿ ಯೂರೋಪು ಬಿಟ್ಟು ಮುಂಬೈಗೆ ಬಂದು, ಅಲ್ಲಿನ ರೇಡಿಯೋದಲ್ಲಿ ಸಂಗೀತ ನಿರ್ದೇಶಕರಾಗಿ 1936ರಲ್ಲಿ ಶಿವರಂಜನಿಯನ್ನು ಆಧರಿಸಿ ಅದನ್ನು ರಚಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1935ರಲ್ಲಿ, ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ನಿಲಯ ಶುರುಮಾಡಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟಿದ್ದರು. ನೆಲೆ ಕಳೆದುಕೊಂಡ ಒಬ್ಬ ಪರದೇಶಿಯ ರಾಗ, ಮೈಸೂರಿನ ಮೇಷ್ಟ್ರೊಬ್ಬರು ಬಳಸಿದ ಹೆಸರು: ಇವೆರಡೂ ಸೇರಿ ನಮ್ಮ ಬೆಳಗಾಗುತ್ತಿತ್ತು. ಅದು ಆಟಕ್ಕಾಗಿ ಮಾಡಿದ ರಾಗವಲ್ಲ, ನಿಜ. ಆದರೆ ನನ್ನ ಓರಗೆಯವರಿಗೆ ಇವತ್ತಿಗೂ ಅದು ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಸ್ಕೋರು.

ಆಟವನ್ನು ಯಾರು ಬಿತ್ತರಿಸಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಬಹುಕಾಲ ಏಳಲೇ ಇಲ್ಲ. ಸರ್ಕಾರದ ರೇಡಿಯೋ, ಆಮೇಲೆ ಸರ್ಕಾರದ ಟಿ.ವಿ.; ಬೇರೆ ಯಾರಿದ್ದರು? ಪ್ರಶ್ನೆ ಎದ್ದದ್ದು 1993ರ ನವೆಂಬರಿನಲ್ಲಿ, ಹೀರೋ ಕಪ್ಪಿನಲ್ಲಿ. ಕನ್ನಡಿಗರು ಆ ಪಂದ್ಯಾವಳಿಯನ್ನು ನೆನೆಯುವುದು ಅನಿಲ್ ಕುಂಬ್ಳೆಗಾಗಿ. ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತ ಮನೆತನದ ಹುಡುಗ ಈಡನ್ ಗಾರ್ಡನ್ಸ್ ಫೈನಲ್ಲಿನಲ್ಲಿ ವೆಸ್ಟ್ ಇಂಡೀಸಿನ 6 ವಿಕೆಟ್ಟುಗಳನ್ನು 12 ರನ್ನಿಗೆ ಉರುಳಿಸಿದ. ಆದರೆ ಆ ಪಂದ್ಯಾವಳಿ ಇನ್ನೊಂದು ಕಾರಣಕ್ಕೆ ದೊಡ್ಡದು. ಬಂಗಾಳದ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಟಿಡಬ್ಲ್ಯುಐ ಎಂಬ ವಿದೇಶಿ ಕಂಪನಿಗೆ ಮಾರಿತ್ತು. ದೂರದರ್ಶನ ಒಪ್ಪಲಿಲ್ಲ. ಕಂಪನಿಯ ಸಲಕರಣೆಯನ್ನು ಕಸ್ಟಮ್ಸ್‌ನವರು ತಡೆದರು, ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಹಕ್ಕಿಗೆ ಹಣ ಕೊಡುವುದಿರಲಿ, ಪಂದ್ಯ ತೋರಿಸಲು ಕ್ರಿಕೆಟ್ ಮಂಡಳಿಯೇ ತನಗೆ ದುಡ್ಡು ಕೊಡಬೇಕು ಎಂದು ದೂರದರ್ಶನ ಕೇಳುತ್ತಿದ್ದ ಕಾಲ ಅದು. ಈ ವಿಷಯದಲ್ಲಿ ದೂರದರ್ಶನದ್ದೇ ತಪ್ಪು ಎಂದು ನಾನು ನಂಬುತ್ತೇನೆ. ಎದುರಾಳಿಯಿಲ್ಲದ ಕಾಲದಲ್ಲಿ ಆಟವನ್ನೂ ನೋಡುಗರನ್ನೂ ಅದು ಗೌರವಿಸಲಿಲ್ಲ.

1995ರ ಫೆಬ್ರುವರಿ 9ರಂದು ತೀರ್ಪು ಬಂತು. ಪ್ರಸಾರದ ಅಲೆಗಳು ಜನರ ಸ್ವತ್ತು, ಸರ್ಕಾರಕ್ಕೆ ಅವುಗಳ ಮೇಲೆ ಏಕಸ್ವಾಮ್ಯವಿಲ್ಲ ಎಂದಿತು ನ್ಯಾಯಾಲಯ. ಇಷ್ಟು ಸರಿಯಾದ ಮಾತನ್ನು ನಾನು ಯಾವ ತೀರ್ಪಿನಲ್ಲೂ ಓದಿಲ್ಲ. ಆದರೆ ಸಂತೆಮರಹಳ್ಳಿಯಲ್ಲಿ ನಿಂತು ನೋಡಿದರೆ, ಜನರ ಸ್ವತ್ತಾದ ಅಲೆಯ ಮೇಲೆ ಬರುತ್ತಿದ್ದ ಆಟ ಅಲ್ಲಿಂದ ಹತ್ತು ವರ್ಷಗಳೊಳಗೆ ತಿಂಗಳ ಬಾಡಿಗೆ ಕಟ್ಟಿದವರ ಮನೆ ಸೇರಿತು. ಕೇಬಲ್ಲಿನವನು ಕಂಬದಿಂದ ಕಂಬಕ್ಕೆ ತಂತಿ ಎಳೆದ. ತಂತಿ ತಲುಪಿದ ಬೀದಿಗೆ ಆಟ ತಲುಪಿತು. ಬೀದಿಯ ಕೊನೆಯ ಮನೆಗಳವರು ಮೊದಲ ಮನೆಯ ಜಗಲಿಗೆ ಬಂದು ಕೂತರು.

ಹೀಗೆ ನಮ್ಮಲ್ಲಿ ರಾಗ ಉಳಿದು ಆಟ ಹೋಯಿತು; ಕೆನಡಾದಲ್ಲಿ ಇದು ತಿರುಗುಮುರುಗಾಗಿ ನಡೆಯಿತು. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ಶನಿವಾರ ರಾತ್ರಿ ಹಿಮದ ಹಾಕಿ ತೋರಿಸುವಾಗ 1968ರಿಂದ ಒಂದು ವಾದ್ಯಸಂಗೀತ ಹಾಕುತ್ತಿತ್ತು. ರಚಿಸಿದವರು ಡೊಲೊರೆಸ್ ಕ್ಲಾಮನ್ ಎಂಬ ಮಹಿಳೆ. ದೇಶದ ಎರಡನೆಯ ರಾಷ್ಟ್ರಗೀತೆ ಎಂದೇ ಜನ ಅದನ್ನು ಕರೆಯುತ್ತಿದ್ದರು. ಒಪ್ಪಂದ ಮೀರಿ ತಮ್ಮ ಸಂಗೀತವನ್ನು ಬಳಸಿಕೊಳ್ಳುತ್ತಿದ್ದಾರೆ ಎಂದು ಕ್ಲಾಮನ್ 2004ರಲ್ಲಿ ದಾವೆ ಹೂಡಿದರು. 2008ರ ಜೂನಿನಲ್ಲಿ ಮಾತುಕತೆ ಮುರಿದುಬಿತ್ತು. ಖಾಸಗಿ ವಾಹಿನಿ ಸಿಟಿವಿ ಅದನ್ನು ಶಾಶ್ವತವಾಗಿ ಕೊಂಡುಕೊಂಡಿತು. ಸಿಬಿಸಿ ದೇಶಕ್ಕೆಲ್ಲ ಸ್ಪರ್ಧೆ ಕರೆದು, ಆಲ್ಬರ್ಟಾದ ಕಾಲಿನ್ ಓಬರ್ಸ್ಟ್ ಎಂಬವರ ಹೊಸ ಸಂಗೀತಕ್ಕೆ ಒಂದು ಲಕ್ಷ ಡಾಲರ್ ಬಹುಮಾನ ಕೊಟ್ಟು ಬಳಸತೊಡಗಿತು. ಅಲ್ಲಿ ಆಟ ಉಳಿಯಿತು, ರಾಗ ಹೋಯಿತು. ಇಲ್ಲಿ ಆಕಾಶವಾಣಿಯ ರಾಗ ಉಳಿಯಿತು, ಅದರ ಬೆನ್ನಿಗೆ ಬರುತ್ತಿದ್ದ ಆಟ ಹೋಯಿತು.

ಸಿಬಿಸಿ ಕಳೆದುಕೊಂಡದ್ದಕ್ಕೆ ನನಗೆ ಬೇಸರವಿದೆ, ಆದರೆ ಕ್ಲಾಮನ್ ಮಾಡಿದ್ದು ಸರಿ. ನಮ್ಮ ದೇಶದಲ್ಲಿ ಹಾಡು ಕಟ್ಟಿದವರು ಒಮ್ಮೆ ಹಣ ಪಡೆದು ಸಹಿ ಹಾಕಿದರೆ ಮುಗಿಯಿತು ಎಂಬ ಪದ್ಧತಿ ಬಹಳ ಕಾಲ ಇತ್ತು. ಸಿನಿಮಾ ಹಾಡಿನ ಕವಿಗೂ ಸಂಗೀತಗಾರನಿಗೂ ಸಲ್ಲುವ ರಾಯಧನದ ಪಾಲನ್ನು ಯಾರೂ ತಮ್ಮ ಹೆಸರಿಗೆ ಬರೆಸಿಕೊಳ್ಳಬಾರದು ಎಂಬ ಕಾನೂನು ಬರಲು 2012 ಆಗಬೇಕಾಯಿತು. ರಚಿಸಿದವರಿಗೆ ಸಲ್ಲಬೇಕಾದದ್ದನ್ನು ಕೊಡಲಾಗದ ಸಂಸ್ಥೆಗೆ ಅವರ ರಾಗದ ಮೇಲೆ ಹಕ್ಕಿಲ್ಲ.

ಐಪಿಎಲ್ ಬಂದ ಮೇಲೆ ನಮ್ಮೂರಿಗೂ ಆಟದ ಹಾಡು ಬಂತು. 2008ರಲ್ಲಿ ಸೋನಿ ಮ್ಯಾಕ್ಸ್‌ನವರ ಹಿಂದಿ ಹಾಡನ್ನು ಹಿಂದಿ ಬಾರದ ಹುಡುಗರು ಬಾಯಿಪಾಠ ಹೇಳುತ್ತಿದ್ದರು. ಆಮೇಲೆ ವರ್ಷಕ್ಕೊಂದು ಹೊಸ ಹಾಡು. 2018ರಿಂದ ಐದು ವರ್ಷದ ಹಕ್ಕನ್ನು ಸ್ಟಾರ್ 16,347.5 ಕೋಟಿ ರೂಪಾಯಿಗೆ ಕೊಂಡಾಗ ಸೋನಿಯ ಹಾಡುಗಳೆಲ್ಲ ಒಂದೇ ದಿನಕ್ಕೆ ಹಳತಾದವು. ಯಾರೂ ಅವನ್ನು ಹುಡುಕಲಿಲ್ಲ, ಯಾರೂ ಅವಕ್ಕಾಗಿ ಪತ್ರ ಬರೆಯಲಿಲ್ಲ. ಸ್ಟಾರ್ ಬಂದದ್ದರಿಂದ ಒಂದು ದೊಡ್ಡ ಒಳ್ಳೆಯದೂ ಆಯಿತು: ಕನ್ನಡದಲ್ಲಿ ವೀಕ್ಷಕ ವಿವರಣೆ. ಅದಕ್ಕೆ ನಾನು ಮನಸಾರೆ ಕೃತಜ್ಞ. ಮೇಷ್ಟ್ರು ಅಂದು ಟೀ ಅಂಗಡಿಯಲ್ಲಿ ಮಾಡುತ್ತಿದ್ದ ಕೆಲಸವನ್ನು ವಿಜಯ್ ಭಾರದ್ವಾಜ್ ಥರದ ಆಟಗಾರರೇ ಮಾಡುತ್ತಿರುವಾಗ ಅದನ್ನು ಕಡೆಗಣಿಸುವುದು ತಪ್ಪಾಗುತ್ತದೆ.

ಸಾರ್ವಜನಿಕ ಪ್ರಸಾರಕ್ಕೆ ಉಳಿದದ್ದು ಏನು? ಭಾರತ ಆಡುವ ಮುಖ್ಯ ಪಂದ್ಯಗಳನ್ನು ಹಕ್ಕುದಾರರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು ಎಂಬ ಕಾಯ್ದೆ 2007ರಲ್ಲಿ ಬಂತು. ಜಾಹೀರಾತಿನ ಹಣದಲ್ಲಿ ಟಿ.ವಿ.ಗೆ 75ಕ್ಕೆ 25ರ ಪಾಲು, ರೇಡಿಯೋಗೆ ಸಮಪಾಲು. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಹೀಗೆ ಹಂಚಿಕೊಂಡ ಪಂದ್ಯವನ್ನು ದೂರದರ್ಶನ ತನ್ನ ಟ್ರಾನ್ಸ್‌ಮಿಟರ್ ಮತ್ತು ತನ್ನದೇ ಉಚಿತ ಡಿಶ್ ಮೂಲಕ ಮಾತ್ರ ತೋರಿಸಬಹುದು, ಕೇಬಲ್ಲಿಗೆ ಕೊಡುವಂತಿಲ್ಲ ಎಂದಿತು. ಆಮೇಲೆ ಹಳೆಯ ಟ್ರಾನ್ಸ್‌ಮಿಟರ್‌ಗಳೂ ಬಹುತೇಕ ಮುಚ್ಚಿದವು. ಐಪಿಎಲ್ ಆ ಕಾಯ್ದೆಯ ಪಟ್ಟಿಯಲ್ಲೇ ಇಲ್ಲ. 2025ರ ಜೂನ್ 3ರಂದು ಆರ್‌ಸಿಬಿ 18 ವರ್ಷಗಳಲ್ಲಿ ಮೊದಲ ಬಾರಿಗೆ ಕಪ್ ಗೆದ್ದಾಗ ಸರ್ಕಲ್ಲಿನಲ್ಲಿ ಪಟಾಕಿ ಹೊಡೆದರು, ಆದರೆ ಕೊನೆಯ ಓವರನ್ನು ಹೆಚ್ಚಿನವರು ನೋಡಿದ್ದು ತಮ್ಮ ತಮ್ಮ ಫೋನಿನಲ್ಲಿ. ಒಬ್ಬರ ಫೋನು ಇನ್ನೊಬ್ಬರದಕ್ಕಿಂತ ಅರ್ಧ ನಿಮಿಷ ಹಿಂದೆ. ಪಕ್ಕದವನು ಕೂಗಿದ ಮೇಲೆ ಇವನಿಗೆ ವಿಕೆಟ್ಟು. ಈಗ "ಏಟಾಯ್ತು?" ಎಂದು ಕೇಳುವವರಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ.

ಒಟ್ಟಿಗೆ ಆಟ ನೋಡುವುದೆಂದರೆ ನನಗೆ ನೆನಪಾಗುವುದು ಇನ್ನೊಂದು ಪಂದ್ಯ. 2010ರ ಜನವರಿಯಲ್ಲಿ ಕರ್ನಾಟಕ ಮತ್ತು ಮುಂಬೈ ನಡುವಿನ ರಣಜಿ ಫೈನಲ್ ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆಯಿತು. ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದ. ನಾವು 6 ರನ್ನಿನಿಂದ ಸೋತೆವು. ವಿಶ್ವವಿದ್ಯಾಲಯದ ಮರಗಳ ಮೇಲೂ ಜನ ಹತ್ತಿ ಕೂತಿದ್ದರು, ನಮ್ಮ ಕಡೆಯಿಂದಲೂ ಟಿ. ನರಸೀಪುರದ ಬಸ್ಸು ಹಿಡಿದು ಹೋಗಿದ್ದರು. ಅಲ್ಲಿ ಹಾಡಿರಲಿಲ್ಲ, ತುತ್ತೂರಿಯೂ ಇರಲಿಲ್ಲ. ಸಂಬಂಧವೇ ಇಲ್ಲದ ನಾಲ್ಕು ಜಿಲ್ಲೆಯ ಜನ ಒಂದೇ ಚೆಂಡಿಗೆ ಒಟ್ಟಿಗೆ ಉಸಿರು ಹಿಡಿದಿದ್ದರು.

ಐಪಿಎಲ್ ಹಕ್ಕನ್ನು ಮೈಸೂರು ಆಕಾಶವಾಣಿ ಕೊಳ್ಳಲಾರದು. ಆದರೆ ರಣಜಿ ಅಷ್ಟು ದುಬಾರಿಯ ಸರಕಲ್ಲ. ಮೈಸೂರಿನಲ್ಲಿ ಕರ್ನಾಟಕ ಆಡುವ ಪಂದ್ಯಗಳ ರೇಡಿಯೋ ಪ್ರಸಾರಕ್ಕೆ ಕ್ರಿಕೆಟ್ ಮಂಡಳಿ ಅನುಮತಿ ಕೊಡಬೇಕು, ರಾಜ್ಯ ಸಂಸ್ಥೆ ಮುಂದೆ ನಿಂತು ಕೇಳಬೇಕು, ಆಕಾಶವಾಣಿ ಇಬ್ಬರು ವಿವರಣೆಗಾರರನ್ನು ಮೈದಾನದ ಅಂಚಿನಲ್ಲಿ ಕೂರಿಸಬೇಕು. ಬೆಳಗ್ಗೆ ಒಂಬತ್ತೂವರೆಗೆ ಮೊದಲ ಚೆಂಡು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಹೊಲಗಳಲ್ಲಿ, ಟೈಲರ್ ಅಂಗಡಿಗಳಲ್ಲಿ ರೇಡಿಯೋ ಇನ್ನೂ ಮಾತಾಡುತ್ತಿದೆ; ಕೇಳುವ ಜನ ಇದ್ದಾರೆ.